ಪ್ಲಾಟಿನಂ ಲೌಂಜಿನ ಮುನಿಯಪ್ಪ

ಹುಂಜದ ಕಾಲಿಗೆ ದಾರ ಸುತ್ತುತ್ತಿದ್ದೆ. ಸದ್ದಿಲ್ಲದೆ.

ಒಂದು ಸುತ್ತು. ಇನ್ನೊಂದು. ಗಂಟು.

ಲಾಂಡ್ರಿ ವ್ಯಾನಿನೊಳಗೆ ಕತ್ತಲು. ಸೋಪಿನ ವಾಸನೆ. ಎದುರಿಗೆ ಬೆಡ್‌ಶೀಟುಗಳ ಗಂಟಿನ ಮೇಲೆ ಸೊಣ್ಣಮ್ಮಜ್ಜಿ, ನೀರು ತುಂಬಿದ ತಾಮ್ರದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೊರಗೆ ರೆಸಾರ್ಟಿನ ಗೇಟು. ಗೇಟಿನಲ್ಲಿ ಸೆಕ್ಯೂರಿಟಿ ಹೆಡ್ ಜವರಪ್ಪ.

ಢಣ್! ಲಾಠಿ ವ್ಯಾನಿನ ತಗಡಿಗೆ ಬಿತ್ತು.

"ಏನ್ಲಾ ಬೈರೇಶ, ಒಳಗೇನೈತೆ?"

"ಟವೆಲ್ ಕಣಣ್ಣೋ... ಇನ್ನೇನಿರ್ತದೆ?" ಡ್ರೈವರ್ ಬೈರೇಶನ ದನಿ ನಡುಗಿತು. ದಡ್ಡ!

"ತೆಗಿ ಬಾಗ್ಲು."

"ತೆಗೀತೀನಿ. ಧೂಳು ಬಿದ್ರೆ ನೀನೇ ಕೂತ್ಕೊಂಡು ಒಗ್ಕೊಡ್ಬೇಕು ಅಷ್ಟೇ."

ಹುಂಜದ ಕೊಕ್ಕು ನನ್ನ ಮುಷ್ಟಿಯಲ್ಲಿತ್ತು. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನನ್ನದು ಇಲ್ಲ. ನನ್ನ ಎದೆ ಇಂಥದ್ದಕ್ಕೆಲ್ಲ ಏಳುವುದನ್ನು ಬಿಟ್ಟು ಬಹಳ ದಿನವಾಯಿತು.

"ಹೋಗ್ ಹೋಗ್!"

ವ್ಯಾನ್ ಒಳಗೆ ಉರುಳಿತು.

ನನ್ನ ಹೆಸರು ಪ್ರಮೋದಾ. ಇಲ್ಲೇ ಪಕ್ಕದ ವಿಜಯಪುರದವಳು. ಒಳಗೆ ಬಿಡದ ಜಾಗಕ್ಕೆ ಜನರನ್ನು ದಾಟಿಸುವುದು ನನ್ನ ಕಸುಬು. ಆಫೀಸು, ಆಸ್ಪತ್ರೆ, ಕಲ್ಯಾಣಮಂಟಪ... ಆದರೆ ದೇವರ ಹತ್ತಿರ ದಾಟಿಸು ಎಂದು ಬಂದವಳು ಸೊಣ್ಣಮ್ಮಜ್ಜಿ ಒಬ್ಬಳೇ.

ಕೇಸು ಇಷ್ಟೇ.

ಈ ರೆಸಾರ್ಟ್ ಎದ್ದಿರುವುದು ಅಜ್ಜಿಯ ಮನೆತನದ ಹೊಲದಲ್ಲಿ. ಹೊಲದ ಬೇವಿನಮರದಡಿ ಒಂದು ಕಲ್ಲು. ಅದೇ ಮುನೇಶ್ವರ, ಅವರ ಮನೆದೇವರು. ಬಾಯಿತುಂಬ ಮುನಿಯಪ್ಪ ಅನ್ನುತ್ತಾರೆ. ಹೊಲ ಕೊಡುವಾಗ, ವರ್ಷಕ್ಕೊಂದು ದಿನ ಪೂಜೆಗೆ ಬಿಡಬೇಕು ಎಂದು ಕೇಳಿದ್ದರು. "ಅದನ್ನ ಕ್ರಯಪತ್ರದಲ್ಲಿ ಯಾಕೆ ಬರೆಸ್ತೀರಿ? ನಿಮಗೆ ಗೋಲ್ಡ್ ಕಾರ್ಡೇ ಕೊಡ್ತೀವಿ!" ಎಂದಿತು ಕಂಪನಿ. ಕಾರ್ಡು ಥಳಥಳ ಹೊಳೆಯುತ್ತಿತ್ತು. ಕ್ರಯಪತ್ರಕ್ಕೆಲ್ಲಿಯ ಹೊಳಪು? ಮನೆಯವರು ಕಾರ್ಡನ್ನೇ ನಂಬಿದರು. ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟರು!

ಮೊದಲು ಪೂಜೆ, ಊಟ, ರೂಮು ಎಲ್ಲ ಫ್ರೀ. ಆಮೇಲೆ ಊಟ ಹೋಯಿತು. ರೂಮಿನ ಬದಲು ಪಾಯಿಂಟ್ಸ್ ಬಂತು. ಪಾಯಿಂಟ್ಸ್ ಎಕ್ಸ್‌ಪೈರ್ ಆಯಿತು. ಪೂಜೆಗೆ ಬಂದ ತಲೆತಲೆಗೂ ರೆಸಾರ್ಟ್ ಫೀ ಬಿತ್ತು. ಇಳಿಯದ ಈಜುಕೊಳಕ್ಕೆ, ಕಾಲಿಡದ ಜಿಮ್ಮಿಗೆ! ಈ ವರ್ಷ ಮೊಬೈಲಿಗೊಂದು ಮೆಸೇಜು. "ಪೂಜಾ ಸೌಲಭ್ಯ ಹಿಂಪಡೆಯಲಾಗಿದೆ. ನಿಮ್ಮ ನಿಷ್ಠೆಗೆ ಧನ್ಯವಾದ."

ಈಗ ಬೇವಿನಮರ ಉರುಳಿಸಿ ಇನ್ನೊಂದು ಈಜುಕೊಳ ತೋಡುತ್ತಾರಂತೆ. ಕಲ್ಲು ಅಲುಗುವ ಮೊದಲು ಮನೆಯವರು ಹುಂಜ ಕೊಟ್ಟು, ದೇವರನ್ನು ಚೊಂಬಿನ ನೀರಿಗೆ ಇಳಿಸಿಕೊಂಡು ಮನೆಗೆ ತರಬೇಕು. ಇಲ್ಲದಿದ್ದರೆ ದೇವರು ಬೀದಿಪಾಲು.

ಅಜ್ಜಿಗೆ ಬೇಕಿದ್ದುದು ಅಷ್ಟೇ.

ಅಡುಗೆಮನೆಯ ಹಿಂದೆ ಇಳಿದೆವು. ಪಾಪ, ಉಸಿರಾಡಲಿ ಎಂದು ಹುಂಜದ ಕೊಕ್ಕು ಬಿಟ್ಟೆ.

ಅದು ಉಸಿರಾಡಲಿಲ್ಲ... ಕೂಗಿತು!

"ಹಿಡೀರ್ಲಾ ಅವ್ಳನ್ನ!" ಜವರಪ್ಪನ ಗಂಟಲು.

ಗೆಸ್ಟುಗಳನ್ನು ಸುತ್ತಾಡಿಸುವ ಬ್ಯಾಟರಿ ಗಾಡಿಯೊಂದು ಅಲ್ಲೇ ನಿಂತಿತ್ತು. ಕೀ ಅದರಲ್ಲೇ ಇತ್ತು. ಅಜ್ಜಿಯನ್ನು ಎತ್ತಿ ಹಾಕಿದೆ. ಹುಂಜವನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡೆ. ಕೀ ತಿರುಗಿಸಿ ಪೆಡಲ್ ಒತ್ತಿದೆ!

ಬ್ರೇಕ್‌ಫಾಸ್ಟ್ ಮೇಜುಗಳ ನಡುವೆಯೇ ನುಗ್ಗಿದೆವು. ದೋಸೆಗೆ ನಿಂತವರು ಪ್ಲೇಟು ಹಿಡಿದೇ ಹಾರಿದರು. ಒಬ್ಬ ಚಪ್ಪಾಳೆ ತಟ್ಟಿದ. ಇದೂ ಪ್ಯಾಕೇಜಿನಲ್ಲಿದೆ ಅಂದುಕೊಂಡನೋ ಏನೋ.

"ನಿಧಾನ ಮಗಾ, ನೀರು ಚೆಲ್ತದೆ!"

"ಹಿಂದೆ ಮೂರು ಜನ ಲಾಠಿ ಹಿಡ್ಕೊಂಡು ಬರ್ತಾವ್ರೆ ಅಜ್ಜಿ!"

"ಬರ್ಲಿ ಬುಡು. ಅವ್ರ ಕೈಲಿ ನೀರಿಲ್ವಲ್ಲ."

ತಿರುವು ದಾಟಿದೆ. ಬ್ರೇಕ್ ಒತ್ತಿದೆ.

ಬೇವಿನಮರ ಇರಲಿಲ್ಲ.

ಕೆಂಪು ಗುಂಡಿ. ಬೇರಿನ ತುಂಡುಗಳು. ಬಾಯಿ ತೆರೆದು ನಿಂತ ಜೆಸಿಬಿ. ಕಲ್ಲು ಇರಲಿಲ್ಲ.

ಅಜ್ಜಿ ಇಳಿದು ಬಗ್ಗಿ ಮಣ್ಣು ಸವರಿದಳು.

ಅಷ್ಟರಲ್ಲಿ ನನ್ನ ಕೈ ಬೆನ್ನ ಹಿಂದೆ ತಿರುಚಿಕೊಂಡಿತು. ಸೊಂಟದಲ್ಲಿದ್ದ ಕೋಳಿ ಕೊಯ್ಯುವ ಚೂರಿ ಕೆಳಗೆ ಬಿತ್ತು. ಹುಂಜ ತೊಡೆಯಿಂದ ಜಾರಿ ಗಾಡಿಯ ಕೆಳಗೆ ಸೇರಿತು.

"ಚೂರಿ ಬೇರೆ ತಂದವ್ಳೆ! ಸ್ಟೇಷನ್‌ಗೆ ಫೋನ್ ಹಾಕ್ರೋ!" ಜವರಪ್ಪ ಕೈಯನ್ನು ಇನ್ನೂ ಮೇಲೆತ್ತಿದ. ಭುಜ ಲಟ್ ಎಂದಿತು. ಯಾರದೋ ಭುಜದಂತೆ ಕೇಳಿಸಿತು.

"ಬಿಡು ಅವ್ರನ್ನ."

ಕೋಟು ಹಾಕಿದ್ದ ಮ್ಯಾನೇಜರ್. ಕಾಂತರಾಜು. ಅಜ್ಜಿಯ ಮೈದುನನ ಮಗ.

"ಕಲ್ಲೆಲ್ಲೋ?" ಅಜ್ಜಿ ಕೇಳಿದಳು.

"ದೊಡ್ಡಮ್ಮ, ಸೀನ್ ಮಾಡ್ಬೇಡಿ. ಗೆಸ್ಟ್‌ಗಳಿದ್ದಾರೆ."

"ನಿನ್ನ ಹುಟ್ಟುಗೂದ್ಲು ತೆಗ್ಸಿದ್ದು ಇದೇ ಮರದಡೀಲಿ ಕಣೋ. ಆವತ್ತು ಇಡೀ ಊರು ಕೇಳೋಂಗೆ ಕಿರುಚ್ಕೊಂಡಿದ್ದೆ. ಈಗ ನಾನು ಸೀನಾ?"

ಅವನು ಟೈ ಸರಿಮಾಡಿಕೊಂಡ.

"ಯಾರ್ ಕಿತ್ತಿದ್ದು?" ನಾನು ಕೇಳಿದೆ. "ಜೆಸಿಬಿಯವನಾ?"

"ಅವ್ನು ಮುಟ್ಟಲ್ಲ ಅಂದ. ಕೂಲಿಯವ್ರೂ ಅಷ್ಟೇ. ಮನೆಯವ್ರು ಕೈ ಹಾಕ್ದೆ ಮುನಿಯಪ್ಪನ್ನ ಮುಟ್ಟಲ್ಲ ಅಂತ ಕೂತ್ಬಿಟ್ರು. ಅದಕ್ಕೆ..." ತಲೆ ತಗ್ಗಿಸಿದ. "ನಾನೇ ಕೈ ಹಾಕ್ದೆ. ನಾನೂ ಮನೆಯವ್ನೇ ಅಲ್ವಾ?"

ಹೊರಗಿನವರು ಎಷ್ಟೋ ಜನ ಓದಿದವರಿದ್ದರೂ ಇವನನ್ನೇ ಯಾಕೆ ಮ್ಯಾನೇಜರ್ ಮಾಡಿದರು ಎಂಬುದು ಆಗ ಹೊಳೆಯಿತು.

"ಹುಂಜ ಕೊಟ್ಯಾ?"

"ಇಲ್ಲಿ ಬಲಿಗಿಲಿ ಅಲೋ ಇಲ್ಲ ದೊಡ್ಡಮ್ಮ. ಗಂಧದಕಡ್ಡಿ ಹಚ್ಚಿದೆ."

"ಚೊಂಬಿಗೆ ಕರ್ಕೊಂಡ್ಯಾ?"

ಅವನು ಗುಂಡಿಯ ಕಡೆ ಮುಖ ತಿರುಗಿಸಿದ.

"ಈಗೆಲ್ಲವ್ನೆ?"

"ಚೆನ್ನಾಗೇ ಇದಾನೆ. ಪ್ಲಾಟಿನಂ ಲೌಂಜಲ್ಲಿ. ಮೇಲೆ ಸ್ಪಾಟ್‌ಲೈಟ್ ಹಾಕ್ಸಿದೀನಿ. ಆದ್ರೆ... ಅಲ್ಲಿಗೆ ಪ್ಲಾಟಿನಂ ಮೆಂಬರ್ಸ್ ಮಾತ್ರ. ನಿಮ್ಮ ಕಾರ್ಡು ಗೋಲ್ಡು."

"ನೀನೇ ಬಾಗ್ಲು ತೆಗಿ."

"ಕೆಲ್ಸ ಹೋಗುತ್ತೆ ದೊಡ್ಡಮ್ಮ. ಇನ್ನು ಈ ಕೆಲ್ಸ ಬಿಟ್ರೆ ನನಗೇನಿದೆ? ಹೊಲಾನಾ?"

ಅಜ್ಜಿ ಆ ಮಾತಿಗೆ ನಿಲ್ಲಲಿಲ್ಲ. ಚೊಂಬು ಹಿಡಿದು ಲಾಬಿಯ ಕಡೆ ನಡೆದಳು. ಯಾರೂ ತಡೆಯಲಿಲ್ಲ. ಜವರಪ್ಪ ಬಿಟ್ಟ ಕೈಯನ್ನು ಹಿಡಿದುಕೊಂಡು ನಾನೂ ಹಿಂದೆ ನಡೆದೆ. ಮಣ್ಣು ಮೆತ್ತಿದ ಬರಿಗಾಲು. ಬಿಳಿ ನೆಲದ ಮೇಲೆ ಕೆಂಪು ಹೆಜ್ಜೆ.

ಲೌಂಜಿನ ಗಾಜಿನ ಆಚೆ ಕಲ್ಲು ಕಾಣಿಸಿತು. ಕುಂಕುಮವನ್ನೆಲ್ಲ ತೊಳೆದಿದ್ದರು. ಪಕ್ಕದ ಸೋಫಾದಲ್ಲಿ ಒಬ್ಬ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ.

ನಾನು ನೋವಿಲ್ಲದ ಭುಜ ಕೊಟ್ಟು ಗಾಜಿಗೆ ಗುದ್ದಿದೆ. ಅಲುಗಲಿಲ್ಲ. ಇನ್ನೊಮ್ಮೆ! ಜವರಪ್ಪನ ಲಾಠಿ ಮಂಡಿಯ ಹಿಂದೆ ಬಿತ್ತು. ಕುಸಿದೆ. ನೆಲ ತಣ್ಣಗಿತ್ತು. ಕೆನ್ನೆಗೆ ಅದೊಂದೇ ಗೊತ್ತಾಯಿತು.

ಅಜ್ಜಿ ರಿಸೆಪ್ಷನ್ ಕಟ್ಟೆಯ ಮೇಲೆ ಚೊಂಬಿಟ್ಟಳು. ಸೆರಗು ಸರಿಮಾಡಿಕೊಂಡಳು.

"ನಮ್ಮ ಮುನಿಯಪ್ಪನ್ನ ಚೆಕ್‌ಔಟ್ ಮಾಡ್ಕೊಡಮ್ಮಾ. ಮನೆಗೆ ಕರ್ಕೊಂಡೋಗ್ತೀನಿ."

ಕಾಂತರಾಜು ಬೂಟು ನೋಡಿಕೊಂಡ. ಜವರಪ್ಪ ಲಾಠಿಯನ್ನು ಬೆನ್ನ ಹಿಂದೆ ಸರಿಸಿದ.

ಕಟ್ಟೆಯ ಆಚೆಯ ಹುಡುಗಿ ನಗುತ್ತಲೇ ಇದ್ದಳು. ಆ ನಗುವೊಂದಕ್ಕೆ ಮಾತ್ರ ಇನ್ನೂ ಚಾರ್ಜ್ ಹಾಕಿರಲಿಲ್ಲ.