ತಪ್ಪು ಹೆಗಲಿನ ಕೆಂಪು ಗೆರೆ

“ಗಟ್ಟಿಯಾಗಿ ಹಿಡ್ಕೋ. ಒದ್ದುಬಿಡುತ್ತೆ ಅದು,” ಎಂದ ಅಪ್ಪ.

ನೋರಾ ಕುರಿಮರಿಯನ್ನು ಎದೆಗೆ ಒತ್ತಿಕೊಂಡಳು. ಅದು ಹುಟ್ಟಿ ಎರಡು ದಿನವಾಗಿತ್ತಷ್ಟೆ. ಅದರ ಪುಟ್ಟ ಎದೆ ಅವಳ ಅಂಗೈಯೊಳಗೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಪ್ಪ ಕಡ್ಡಿಯನ್ನು ಕೆಂಪು ಬಣ್ಣದ ಡಬ್ಬಿಯಲ್ಲಿ ಅದ್ದಿ ಒಂದೇ ಎಳೆತಕ್ಕೆ ಗೆರೆ ಎಳೆದ.

“ಆಯ್ತು. ಮುಂದಿಂದು ತಾ.”

ನೋರಾ ಮರಿಯನ್ನು ಕೆಳಗೆ ಬಿಡಲಿಲ್ಲ. ಗೆರೆ ಬಿದ್ದಿದ್ದು ಮರಿಯ ಬಲ ಹೆಗಲಿನ ಮೇಲೆ.

ಏಪ್ರಿಲ್ ತಿಂಗಳು, ಕುರಿಗಳು ಮರಿ ಹಾಕುವ ಕಾಲ. ಮಳೆ ಬಂದು ಹೋಗುವುದು, ಬಿಸಿಲು ಇಣುಕುವುದು, ಮತ್ತೆ ಮಳೆ. ಆ ಕಣಿವೆಯಲ್ಲಿ ಯಾರ ಮನೆಯಲ್ಲೂ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಮರಿಗಳು ಸ್ವಲ್ಪ ಬಲಿತ ಮೇಲೆ ತಾಯಂದಿರ ಜೊತೆ ಗುಡ್ಡಕ್ಕೆ ಹೋಗುತ್ತವೆ. ಗುಡ್ಡಕ್ಕೆ ಬೇಲಿ ಇಲ್ಲ. ಎಲ್ಲ ಮನೆಯ ಕುರಿಗಳೂ ಅಲ್ಲಿ ಕಲೆತು ಮೇಯುತ್ತವೆ. ಅದಕ್ಕೇ ಪ್ರತಿ ಮರಿಯ ಮೇಲೂ ಮನೆಯ ಗುರುತು ಬೀಳಬೇಕು.

ಮಾಸಪ್ ಮನೆಯ ಗುರುತು ಎಡ ಸೊಂಟದ ಮೇಲೆ ಒಂದು ಕೆಂಪು ಗೆರೆ. ಬಲ ಹೆಗಲಿನ ಗೆರೆ ಕಲ್ಲುಗೋಡೆಯಾಚೆಯ ವಿಲ್ಫ್ ಟೈಸನ್ ಅವರದು. ಮುತ್ತಜ್ಜನ ಕಾಲದಿಂದಲೂ ಹಾಗೇ. ನೋರಾ ತನ್ನ ಹೆಸರು ಬರೆಯಲು ಕಲಿಯುವ ಮೊದಲೇ ಇದನ್ನು ಕಲಿತಿದ್ದಳು.

“ಅಪ್ಪ, ಇದು ವಿಲ್ಫ್ ಅಂಕಲ್ ಗುರುತು.”

ಅಪ್ಪ ಬಗ್ಗಿ ನೋಡಿದ. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದ. ಆಮೇಲೆ ನಕ್ಕ.

“ನೀನು ನೋಡ್ತೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ ಕಣೇ. ಪಾಸಾದೆ.”

ನೋರಾಳೂ ನಕ್ಕಳು. ಆದರೆ ಹೋದ ಭಾನುವಾರ ನಕ್ಕಿದ್ದು ನೆನಪಾಯಿತು.

ಅಪ್ಪ ರಾಲ್ಫ್ ಮಾಸಪ್ ಕುರಿ ಸಾಕುವವ ಮಾತ್ರ ಅಲ್ಲ. ಪೇಟೆಯ ರಗ್ಬಿ ಲೀಗ್ ಕ್ಲಬ್ಬಿನ ಫಾರ್ವರ್ಡ್. ಬೆನ್ನ ಮೇಲೆ ಎಂಟನೇ ನಂಬರ್. ಚೆಂಡನ್ನು ಅಪ್ಪಿಕೊಂಡು, ಗೋಡೆಯಂತೆ ನಿಂತ ಎದುರಾಳಿಗಳ ಮೇಲೆ ನೇರವಾಗಿ ನುಗ್ಗುವುದು, ಬೀಳುವುದು, ಎದ್ದು ಮತ್ತೆ ನುಗ್ಗುವುದು. ಅವರು ನುಗ್ಗಿದರೆ ಅವರನ್ನು ಕೆಡವುವುದು. ಮೀಸೆ ಮೂಡುವ ವಯಸ್ಸಿನಿಂದ ಅಪ್ಪ ಇದನ್ನೇ ಮಾಡಿಕೊಂಡು ಬಂದಿದ್ದ. ಅವನ ಮೂಗು ಒಂದು ಕಡೆಗೆ ಹೊರಟು ಇನ್ನೊಂದು ಕಡೆ ಮುಗಿಯುತ್ತಿತ್ತು. ಎಡಗಿವಿ ಮುದುಡಿ ಒಣ ಅಣಬೆಯಂತಾಗಿತ್ತು.

ಇಪ್ಪತ್ತರ ಪ್ರಾಯದಲ್ಲಿ ಅವನನ್ನು ಒಂದು ದೊಡ್ಡ ಕ್ಲಬ್ ಕರೆದಿತ್ತು. ಅಲ್ಲಿ ಆಟವೇ ಉದ್ಯೋಗ, ಬೇರೆ ಕೆಲಸವೇ ಇಲ್ಲ. ಅಪ್ಪ ಒಂದು ಚಳಿಗಾಲ ಪೂರ್ತಿ ಅಲ್ಲಿ ಅಭ್ಯಾಸ ಮಾಡಿದ. ಇನ್ನೇನು ಮೈದಾನಕ್ಕೆ ಇಳಿಯಬೇಕು ಅನ್ನುವಾಗ ಅಜ್ಜ ಹಾಸಿಗೆ ಹಿಡಿದರು. ಇತ್ತ ಕುರಿಗಳು ಮರಿ ಹಾಕುತ್ತಿದ್ದವು. ಅಪ್ಪ ಬ್ಯಾಗು ಹೊತ್ತುಕೊಂಡು ಮನೆಗೆ ಬಂದವನು ತಿರುಗಿ ಹೋಗಲಿಲ್ಲ. ಹಗಲು ಕುರಿ, ಸಂಜೆ ಅಭ್ಯಾಸ, ಭಾನುವಾರ ಊರ ಕ್ಲಬ್ಬಿಗೆ ಆಟ. ವರ್ಷಗಳು ಹೀಗೇ ಕಳೆದವು.

ಈಗ ಕಪ್ ಪಂದ್ಯದಲ್ಲಿ ಎದುರಾಳಿ ಯಾರೆಂದು ಚೀಟಿ ಎತ್ತಿದಾಗ ಅದೇ ದೊಡ್ಡ ಕ್ಲಬ್ಬಿನ ಹೆಸರು ಬಂದಿತ್ತು. ಈ ಭಾನುವಾರ ಅವರೇ ಇಲ್ಲಿಗೆ ಬರುತ್ತಿದ್ದರು. ಈ ಸೀಸನ್ ಮುಗಿದರೆ ಅಪ್ಪನ ಆಟವೂ ಮುಗಿಯಿತು. ನೋರಾ ಎಂಟನೇ ನಂಬರಿನ ಪುಟ್ಟ ಅಂಗಿ ತೊಟ್ಟು, ಅಪ್ಪನ ಕೈ ಹಿಡಿದು ಮೈದಾನಕ್ಕೆ ಇಳಿಯುವವಳಿದ್ದಳು. ಅಂಗಿ ಆಗಲೇ ಇಸ್ತ್ರಿಯಾಗಿ ಬಾಗಿಲ ಹಿಂದೆ ತೂಗುತ್ತಿತ್ತು.

ಹೋದ ಭಾನುವಾರ ಆಟ ಮುಗಿಯುತ್ತಾ ಬಂದಾಗ ಯಾರದೋ ಮೊಣಕಾಲು ಅಪ್ಪನ ತಲೆಗೆ ಬಡಿದಿತ್ತು. ಅಪ್ಪ ಬಿದ್ದ, ಕೂಡಲೇ ಎದ್ದ. ಎದ್ದವನು ಸೀದಾ ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತುಕೊಂಡ. ಜನ ಗೊಳ್ಳೆಂದು ನಕ್ಕರು. ರಾಲ್ಫ್ ಮಾಸಪ್ ಮೊದಲಿಂದಲೂ ತಮಾಷೆಯ ಮನುಷ್ಯ. ನೋರಾ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಡಾಕ್ಟರ್ ಬಂದು ಕೇಳಿದಾಗ ಅಪ್ಪ, “ತಲೆಗಲ್ಲ, ಹೆಗಲಿಗೆ ತಾಗಿದ್ದು,” ಎಂದಿದ್ದ. ತಲೆಗೆ ಅಂದಿದ್ದರೆ ಎರಡು ವಾರದ ಹತ್ತಿರ ಆಟ ಬಂದ್. ಯಾರಿಗೇ ಆದರೂ ಅದೇ ನಿಯಮ.

ಅಪ್ಪ ಆ ‘ಪರೀಕ್ಷೆ’ ಮಾಡಿದ ಮರುದಿನದಿಂದ ಅದೊಂದು ಆಟದಂತಾಯಿತು. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ನೋರಾ ಮರಿ ಹಿಡಿಯುವಳು. ಅಪ್ಪ ಕಡ್ಡಿ ಅದ್ದಿ ಕೇಳುವನು.

“ಎಲ್ಲಿ, ಹೇಳು ನೋಡೋಣ. ಯಾವ ಕಡೆ?”

“ಎಡಗಡೆ. ಸೊಂಟದ ಮೇಲೆ.”

“ಭೇಷ್.”

ಆದರೆ ಸ್ಕೂಲಿಂದ ಬಂದು ನೋಡಿದರೆ, ಅವಳಿಲ್ಲದಾಗ ಗುರುತು ಹಾಕಿದ ಮರಿಗಳಲ್ಲಿ ಒಂದೆರಡರ ಹೆಗಲು ಕೆಂಪಾಗಿರುತ್ತಿತ್ತು. ನೋರಾ ಅಮ್ಮನ ಹೊಲಿಗೆ ಡಬ್ಬದಿಂದ ಕತ್ತರಿ ತಂದಳು. ಕೊಟ್ಟಿಗೆಯ ಹಿಂದೆ ಕೂತು, ಹೆಗಲಿನ ಕೆಂಪು ಉಣ್ಣೆಯನ್ನು ಚೂರುಚೂರೇ ಕತ್ತರಿಸಿ, ಸೊಂಟದ ಮೇಲೆ ತಾನೇ ಗೆರೆ ಎಳೆದಳು. ಕತ್ತರಿಸಿದ್ದನ್ನು ಹುಲ್ಲಿನ ಕೆಳಗೆ ತುರುಕಿದಳು. ಗಾಳಿಗೆ ಬಾಗಿಲು ಸದ್ದಾದರೂ ಬೆಚ್ಚಿಬೀಳುತ್ತಿದ್ದಳು.

ಅಮ್ಮನಿಗೆ ಇದ್ಯಾವುದೂ ತಿಳಿಯಲಿಲ್ಲ. ಅವಳು ಸ್ಕೂಲ್ ಬಸ್ಸು ಓಡಿಸುತ್ತಿದ್ದಳು. ಅಪ್ಪ ಊಟದ ಮುಂದೆ ಹಣೆ ಒತ್ತಿಕೊಂಡು ಕೂತರೆ, “ಮಲಗು ಸ್ವಲ್ಪ ಹೊತ್ತು, ಹೊರಗೆ ನಾನು ನೋಡ್ಕೋತೀನಿ,” ಎನ್ನುವಳು. “ನಿದ್ದೆಗೆಟ್ಟದ್ದಕ್ಕೆ ಜ್ಯಾನೆಟ್, ಬೇರೇನಿಲ್ಲ,” ಎನ್ನುವನು ಅಪ್ಪ. ಏಪ್ರಿಲಿನಲ್ಲಿ ಆ ಮಾತನ್ನು ಯಾರೂ ನಂಬದೆ ಇರುವುದಿಲ್ಲ.

ಶುಕ್ರವಾರ ಸ್ಕೂಲಿನಲ್ಲಿ ಅವಳ ಕ್ಲಾಸಿನ ಡ್ಯಾನಿ ಬೆಂಚಿನ ಆಚೆಯಿಂದ ಕೇಳಿದ.

“ಏಯ್ ಮಾಸಪ್, ಭಾನುವಾರ ನಿಮ್ಮಪ್ಪ ಯಾವ ಟೀಮಿಗೆ ಆಡೋದು? ನಮ್ಮದಕ್ಕಾ, ಅವ್ರದಕ್ಕಾ?”

ಎಲ್ಲರೂ ನಕ್ಕರು.

“ಅದು ಜೋಕು. ಬೇಕೂಂತ ಮಾಡಿದ್ದು,” ಎಂದಳು ನೋರಾ.

“ನಮ್ಮ ದೊಡ್ಡಪ್ಪನ ಮಗನೂ ಹಾಗೇ ಅಂದಿದ್ದ. ಆಮೇಲೆ ನೋಡಿದ್ರೆ ಅವನಿಗೆ ಅವನ ನಾಯಿ ಹೆಸರೇ ಗೊತ್ತಿಲ್ಲ. ತಿಂಗಳುಗಟ್ಟಲೆ ಕತ್ತಲೆ ರೂಮಲ್ಲಿ ಮಲಗಿದ್ದ.” ಡ್ಯಾನಿ ಈಗ ನಗುತ್ತಿರಲಿಲ್ಲ. “ನಿಮ್ಮಪ್ಪನೇ ಹೇಳಿದ್ರಲ್ವಾ, ನಮ್ಮ ಕ್ಲಾಸಿಗೆ ಬಂದಾಗ?”

ಹೌದು. ಹೋದ ವರ್ಷ ಅಪ್ಪ ಕ್ಲಬ್ಬಿನ ಟೈ ಕಟ್ಟಿಕೊಂಡು ಬಂದಿದ್ದ. ಟ್ಯಾಕಲ್ ಮಾಡುವುದು, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವುದು, ಹೇಗೆಂದು ತೋರಿಸಿದ್ದ. ಕೊನೆಗೆ ಮಂಡಿಯೂರಿ ಕೂತು, “ತಲೆಗೆ ಪೆಟ್ಟು ಬಿದ್ರೆ ಮುಚ್ಚಿಡಬಾರದು. ಗೆಳೆಯನಿಗೆ ಬಿದ್ರೂ ಅಷ್ಟೇ, ನೀವು ಹೇಳಬೇಕು. ಅದು ಚಾಡಿ ಅಲ್ಲ,” ಎಂದಿದ್ದ. ಆವತ್ತು ನೋರಾ ಹೆಮ್ಮೆಯಿಂದ ಬೀಗಿದ್ದಳು.

ಸಂಜೆ ಮನೆಗೆ ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಮ್ಮನಿಗೆ ಹೇಳಲೆಂದು ಅಡುಗೆಮನೆಗೆ ಹೋದಳು. ಅಮ್ಮ ಫೋನಿನಲ್ಲಿ ಯಾರಿಗೋ, “ಹೂಂ, ರಾಲ್ಫ್ ಕೊನೆಗೂ ಅವರೆದುರು ಆಡ್ತಾನೆ ನೋಡು, ಇಷ್ಟು ವರ್ಷ ಆದ್ಮೇಲೆ,” ಎನ್ನುತ್ತಿದ್ದಳು. ನೋರಾ ಒಂದು ಬಿಸ್ಕತ್ತು ತೆಗೆದುಕೊಂಡು ಹೊರಗೆ ಬಂದಳು. ತಿನ್ನದೆ ನಾಯಿಗೆ ಹಾಕಿದಳು. ಕೋಣೆಗೆ ಹೋಗಿ ಬಾಗಿಲ ಹಿಂದಿನ ಅಂಗಿಯನ್ನು ನೋಡಿದಳು. ಮತ್ತೆ ಕೆಳಗಿಳಿದಳು. “ಕಾಲಲ್ಲಿ ಸ್ಪ್ರಿಂಗ್ ಇಟ್ಕೊಂಡಿದೀಯಾ?” ಎಂದಳು ಅಮ್ಮ.

ಶನಿವಾರ ಬೆಳಿಗ್ಗೆ ವಿಲ್ಫ್ ಟೈಸನ್ ಕಲ್ಲುಗೋಡೆಗೆ ಮೊಣಕೈ ಊರಿ ನಿಂತಿದ್ದರು. ಅಪ್ಪನಿಗಿಂತ ಎಷ್ಟೋ ದೊಡ್ಡವರು. ಬಾಯಲ್ಲಿ ಹುಲ್ಲುಕಡ್ಡಿ.

“ಏನಪ್ಪಾ ರಾಲ್ಫ್, ನಿನ್ನ ಕುರಿ ನನ್ನ ಮರಿ ಹಾಕಿದೆಯಲ್ಲ?”

ಹೊಲದಲ್ಲಿ ಒಂದು ಕುರಿ ಮೇಯುತ್ತಿತ್ತು. ಅದರ ಎಡ ಸೊಂಟದಲ್ಲಿ ಮಾಸಿದ ಕೆಂಪು ಗೆರೆ. ಅದರ ಕೆಚ್ಚಲಿಗೆ ಬಾಯಿ ಹಾಕಿದ ಮರಿಗೆ ಬಲ ಹೆಗಲಿನಲ್ಲಿ ಹೊಸ ಗೆರೆ. ಇದೊಂದು ನೋರಾಳ ಕಣ್ಣಿಗೆ ತಪ್ಪಿಹೋಗಿತ್ತು.

“ನಿದ್ದೆಗಣ್ಣು ಮಾರಾಯ,” ಎಂದ ಅಪ್ಪ.

“ಆಗುತ್ತೆ, ಆಗುತ್ತೆ. ನಾನೂ ಒಂದ್ಸಲ ನನ್ನ ಹೆಂಡತಿ ಬೂಟು ಹಾಕ್ಕೊಂಡು ಗುಡ್ಡ ಹತ್ತಿದ್ದೆ.” ವಿಲ್ಫ್ ಹುಲ್ಲುಕಡ್ಡಿಯನ್ನು ಬಾಯಿಯ ಇನ್ನೊಂದು ಬದಿಗೆ ಸರಿಸಿದರು. “ಆದ್ರೆ ಪದ್ಧತಿ ಪದ್ಧತಿಯೇ. ಪಕ್ಕದ ಮನೆ ಗುರುತು ಹಾಕಿದವನು ಪಕ್ಕದ ಮನೇಲಿ ಒಂದು ದಿನ ಉಣ್ಣೆ ಕತ್ತರಿಸ್ಬೇಕು. ನನಗೊಂದು ದಿನ ಬಾಕಿ ನೀನು.”

“ಬರ್ತೀನಿ ಬಿಡು. ನಾಳೆ ಒಂದು ಮುಗೀಲಿ.”

“ಅಲ್ಲಿ ಕೆಲವು ಮರಿಗಳ ಹೆಗಲು ಬೋಳಾಗಿದೆಯಲ್ಲ? ಯಾವ ಕ್ಷೌರಿಕನ ಕೈಚಳಕ ಅದು?” ವಿಲ್ಫ್ ಕೇಳಿದ್ದು ಅಪ್ಪನನ್ನು. ನೋಡಿದ್ದು ನೋರಾಳನ್ನು. ಅವಳು ತಲೆ ತಗ್ಗಿಸಿದಳು. ಅವರು ಟೋಪಿ ಸರಿಮಾಡಿಕೊಂಡು ನಿಧಾನವಾಗಿ ಹೊರಟುಹೋದರು.

ಕೊಟ್ಟಿಗೆಯಲ್ಲಿ ಅವಳಿ ಮರಿಗಳ ಒಂದು ಜೋಡಿ ಗುರುತಿಗೆ ಕಾದಿತ್ತು. ನೋರಾ ಮೊದಲನೆಯದನ್ನು ಎತ್ತಿಕೊಂಡಳು. ತಾಯಿಕುರಿ ಸೊಂಟದವರೆಗೂ ಕೆಸರು ಮೆತ್ತಿಕೊಂಡು ನಿಂತಿತ್ತು. ಗುರುತು ಕಾಣುತ್ತಿರಲಿಲ್ಲ. ಅಪ್ಪ ಕಡ್ಡಿ ಅದ್ದಿದ.

“ಹೇಳು ನೋಡೋಣ. ಯಾವ ಕಡೆ?”

ಉತ್ತರ ನೋರಾಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದೇ ಮಾತು. ಹೇಳಿಬಿಟ್ಟರೆ ನಾಳೆ ಅಪ್ಪನ ಕೈ ಹಿಡಿದು ಅಷ್ಟು ಜನರ ಮುಂದೆ ನಡೆಯಬಹುದು.

ಅವಳು ತುಟಿ ಬಿಗಿದುಕೊಂಡಳು.

“ಏಯ್, ಬಣ್ಣ ಸೋರ್ತಾ ಇದೆ. ಯಾವ ಕಡೆ?”

“ನೀನೇ ಹೇಳಪ್ಪ.”

ಅಪ್ಪ ಕುರಿಯ ಕಡೆ ನೋಡಿದ. ಮರಿಯ ಕಡೆ ನೋಡಿದ. ಕಡ್ಡಿ ಒಮ್ಮೆ ಹೆಗಲಿನ ಹತ್ತಿರ ಹೋಯಿತು, ಅಲ್ಲಿಂದ ಹಿಂದಕ್ಕೆ ಬಂದು ಗಾಳಿಯಲ್ಲೇ ನಿಂತಿತು. ಅವನ ಬೂಟಿನ ಮೇಲೆ ಕೆಂಪು ಹನಿಗಳು ಬಿದ್ದವು. ಅಷ್ಟು ದೊಡ್ಡ ಕೈ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದನ್ನು ನೋರಾ ಹಿಂದೆಂದೂ ನೋಡಿರಲಿಲ್ಲ.

ಅವನು ಕಡ್ಡಿಯನ್ನು ಡಬ್ಬಿಯಲ್ಲಿ ಇಟ್ಟು ಹುಲ್ಲಿನ ಕಟ್ಟಿನ ಮೇಲೆ ಕೂತ.

“ಎಷ್ಟು ಮರಿಗೆ ಕತ್ತರಿ ಹಾಕ್ದೆ?”

“ಏಳು.”

“ಏಳಾ?” ಅಪ್ಪ ಮುಖ ಉಜ್ಜಿಕೊಂಡ. “ನನಗೆ ಎರಡು ಗೊತ್ತಿತ್ತು. ಎರಡೇ ಅಂದ್ಕೊಂಡಿದ್ದೆ.”

ನೋರಾಳಿಗೆ ಅಳು ಬಂತು. “ನಿಂಗೆ ಸಿಟ್ಟಾ?”

“ಹೂಂ,” ಎಂದ ಅಪ್ಪ. “ನಿನ್ನ ಮೇಲಲ್ಲ. ಹೋಗು, ಫೋನ್ ತಗೊಂಡು ಬಾ.”

ಕೋಚ್ ಜೊತೆ ಮಾತಾಡಿದ್ದು ಎರಡೇ ನಿಮಿಷ. “ಹೆಗಲಲ್ಲ, ತಲೆ,” ಎನ್ನುವುದು ನೋರಾಳಿಗೆ ಕೇಳಿಸಿತು. ಆಮೇಲೆ, “ಹೌದು, ಹೋದ ಭಾನುವಾರದಿಂದಾನೇ. ಹೌದು, ಸುಳ್ಳು ಹೇಳಿದ್ದು ನಾನೇ.” ಅಮ್ಮ ಹೊಸಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಕಾರಿನ ಕೀ ತೆಗೆದುಕೊಂಡು, “ನಡಿ, ಆಸ್ಪತ್ರೆಗೆ ತೋರಿಸ್ಕೊಂಡು ಬರೋಣ,” ಎಂದಳು, ಅಷ್ಟೇ. ಅವಳಿ ಮರಿಗಳಿಗೆ ನೋರಾ ಒಬ್ಬಳೇ ಗುರುತು ಹಾಕಿದಳು. ಆಸ್ಪತ್ರೆಯಿಂದ ಬಂದ ಅಪ್ಪ ಪರದೆ ಎಳೆದು ಮಲಗಿಬಿಟ್ಟ. ಊಟಕ್ಕೂ ಏಳಲಿಲ್ಲ.

ಭಾನುವಾರ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಎಂಟನೇ ನಂಬರ್ ತೊಟ್ಟವನು ಕಾಲಮ್ ಎಂಬ ಹುಡುಗ. ಹಾಲಿನ ಲಾರಿಯಲ್ಲಿ ಕೆಲಸ ಮಾಡುತ್ತಿದ್ದ ಅವನಿಗೆ ಇನ್ನೂ ಹತ್ತೊಂಬತ್ತು. ಮೈದಾನಕ್ಕೆ ಇಳಿಯುವ ಸುರಂಗದಂಥ ದಾರಿಯಲ್ಲಿ, ಅಪ್ಪನ ಬದಲು ಅವನ ಕೈ ಹಿಡಿದು ಸಾಲಾಗಿ ನಿಂತಾಗ ಅಂಗೈ ಬೆವತಿದ್ದು ನೋರಾಳಿಗೆ ಗೊತ್ತಾಯಿತು.

“ನಿಮ್ಮಪ್ಪ ಬೆಳಿಗ್ಗೆ ಫೋನ್ ಮಾಡಿದ್ರು,” ಎಂದ ಅವನು ಮೆಲ್ಲಗೆ. “ಮೊದಲನೇ ಸಲ ನುಗ್ಗುವಾಗ ಕಣ್ಣು ಮುಚ್ಬೇಡ ಅಂದ್ರು. ನಾನು ಮುಚ್ತೀನಿ ಅಂತ ಅವರಿಗೆ ಹೆಂಗೆ ಗೊತ್ತಾಯ್ತೋ.”

ಬಾಗಿಲು ತೆರೆಯಿತು. ಜನರ ಕೂಗು ಅಲೆಯಂತೆ ಬಂದು ಬಡಿಯಿತು. ನೋರಾ ಕಾಲಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಮೇಲೆ ಓಡಿಹೋಗಿ, ಕಂಬಿಯ ಹತ್ತಿರ ಉಣ್ಣೆ ಟೋಪಿ ಹಾಕಿ ನಿಂತಿದ್ದ ಅಪ್ಪನ ಪಕ್ಕ ಸೇರಿಕೊಂಡಳು. ಹೋಗಿಬರುವವರೆಲ್ಲ, “ಏನಾಯ್ತು ರಾಲ್ಫ್?” ಎನ್ನುತ್ತಿದ್ದರು. “ತಲೆ,” ಎನ್ನುತ್ತಿದ್ದ ಅಪ್ಪ. ಅಷ್ಟು ಹೇಳಲು ಪ್ರತಿ ಸಲವೂ ಅವನಿಗೆ ಒಂದು ಕ್ಷಣ ಬೇಕಾಗುತ್ತಿತ್ತು. ವಿಲ್ಫ್ ಏನೂ ಕೇಳಲಿಲ್ಲ. ಮಾಂಸ ತುಂಬಿದ ಬಿಸಿ ಪೈ ಒಂದನ್ನು ಅಪ್ಪನ ಕೈಗಿಟ್ಟು, “ನನ್ನ ದಿನ ಬಾಕಿ ಇದೆ, ಮರೀಬೇಡ. ಅವಸರ ಇಲ್ಲ,” ಎಂದು ಮುಂದೆ ಹೋದರು.

ಆಟ ಮುಕ್ಕಾಲು ಮುಗಿದಿತ್ತು. ಕಾಲಮ್ ಮೂವರನ್ನು ಮೈಮೇಲೆ ಎಳೆದುಕೊಂಡೇ ಮುಂದೆ ನುಗ್ಗಿ ಬಿದ್ದ. ಅಪ್ಪನ ಕೈ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಬಿಸಿಲು ಬಂದಾಗ ಕಣ್ಣು ಮುಚ್ಚಿಕೊಂಡ.

“ಸ್ಕೋರ್ ಎಷ್ಟು, ಪುಟ್ಟಿ?”

“ಹದಿನೆಂಟು, ಹನ್ನೆರಡು. ಅವರು ಮುಂದಿದಾರೆ.”

ಅಪ್ಪ ತಲೆಯಾಡಿಸಿದ. ಚೆಂಡು ಆ ತುದಿಗೆ ಹೋಯಿತು, ಈ ತುದಿಗೆ ಬಂತು. ಯಾರೂ ಅಂಕ ಗಳಿಸಲಿಲ್ಲ.

“ಸ್ಕೋರ್ ಎಷ್ಟು, ಪುಟ್ಟಿ?”

ನೋರಾ ಅವನ ಮುಖ ನೋಡಿದಳು. ಆಮೇಲೆ ಮೈದಾನದ ಕಡೆ ತಿರುಗಿದಳು.

“ಹದಿನೆಂಟು, ಹನ್ನೆರಡು.”

ಅಪ್ಪ ಅವಳ ಕಡೆ ತಿರುಗಿದ.

“ಇದನ್ನ ಆಗಲೇ ಕೇಳಿದ್ನಾ?”

“ಹೂಂ,” ಎಂದಳು ನೋರಾ. “ಕೇಳಿದ್ದೆ.”

ಅಪ್ಪ ಕಂಬಿಯ ಮೇಲಿಂದ ಒಂದು ಕೈ ತೆಗೆದು ಅವಳ ಕಡೆ ಚಾಚಿದ. ಅವಳು ಅದನ್ನು ಹಿಡಿದುಕೊಂಡಳು.