ಗುರುತಿಲ್ಲದ ಅಂಗಿ

ಬಿಳಿ ಚಾದರವನ್ನು ಅವಳು ಎರಡು ಮಡಿಕೆ ಮಾಡಿಯಾಗಿತ್ತು. ಮೂರನೆಯದಕ್ಕೆ ಅಂಚಿಗೆ ಅಂಚು ಕೂಡಿಸಿ, ಬಟ್ಟಲಿನಿಂದ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಾಗ ಪೊಲೀಸರು ಒಳಗೆ ಬಂದರು. ಅವಳ ಕೈ ನಿಲ್ಲಲಿಲ್ಲ.

"ಏನಮ್ಮಾ, ಹಿಂದಿನ ಕೋಣೇಲಿ ನಿನ್ನ ಯಜಮಾನಿ ರಕ್ತದಲ್ಲಿ ಬಿದ್ದಿದಾಳೆ. ನೀನಿಲ್ಲಿ ಇಸ್ತ್ರಿ ಮಾಡ್ತಾ ಇದೀಯ?" ದಫೇದಾರರು ಕೇಳಿದರು.

"ನಾಳೆ ಕೊಡಬೇಕು," ಎಂದಳು ಅವಳು, ಮಡಿಕೆಯ ಮೂಲೆಯನ್ನು ನೇರ ಮಾಡುತ್ತ.

ಠಾಣೆಗೆ ಫೋನ್ ಬಂದದ್ದು ಮಧ್ಯಾಹ್ನ ಮೂರೂವರೆಗೆ. ಕೋಟು ಒಯ್ಯಲು ಬಂದಿದ್ದ ಒಬ್ಬ ಶಿಕ್ಷಕಿ, ಎಷ್ಟು ಕರೆದರೂ ಲಾಂಡ್ರಿಯ ಒಡತಿ ಬಾರದ್ದನ್ನು ಕಂಡು ಒಗೆಯುವ ಕೋಣೆಗೆ ಇಣುಕಿದ್ದರು. ಒಡತಿಯ ತಲೆ ಒಡೆದಿತ್ತು, ಉಸಿರಿತ್ತು. ಆಂಬುಲೆನ್ಸ್ ಹೋದಮೇಲೆ ಇನ್ಸ್‌ಪೆಕ್ಟರ್ ಮೇಡಂ ಶಿಕ್ಷಕಿಯ ದೂರಿನ ಮೇಲೆ ಕೊಲೆಯತ್ನದ ಎಫ್‌ಐಆರ್ ದಾಖಲಿಸಿ, ಪಂಚರ ಎದುರು ಸ್ಥಳದ ಪಂಚನಾಮೆ ಮಾಡಿಸಿದರು. ಬಾಗಿಲು ಮುಚ್ಚದಂತೆ ಒತ್ತಿಡುತ್ತಿದ್ದ ಹಳೆಯ ಇದ್ದಿಲು ಇಸ್ತ್ರಿಪೆಟ್ಟಿಗೆಯಿಂದಲೇ ಪೆಟ್ಟು ಬಿದ್ದಿತ್ತು. ಅದರ ಹಿಡಿಯ ಮೇಲೆ ಸ್ಪಷ್ಟವಾಗಿ ಸಿಕ್ಕಿದ್ದು ಇಸ್ತ್ರಿಯಕ್ಕನ ಬೆರಳಚ್ಚು.

ಇಸ್ತ್ರಿಯಕ್ಕ ಎಂದೇ ಬೀದಿಯೆಲ್ಲ ಕರೆಯುತ್ತಿತ್ತು ಅವಳನ್ನು. ದಿನಾ ಬೆಳಿಗ್ಗೆ ಆ ಪೆಟ್ಟಿಗೆಯನ್ನು ಬಾಗಿಲಿಗೆ ಒತ್ತಿಡುತ್ತಿದ್ದವಳೂ ಅವಳೇ.

ಮೊದಲ ದಿನ, ತಾನು ಏನೂ ಕೇಳಿಸಿಕೊಳ್ಳಲಿಲ್ಲ ಎಂದಳು. ಎರಡನೆಯ ದಿನ, ಒಡತಿ ಕೂಗಿದ್ದು ಕೇಳಿತು, ಅದು ಚಾದರಕ್ಕಿಂತ ಮೊದಲೋ ಆಮೇಲೋ ತಿಳಿಯದು ಎಂದಳು. ಮೂರನೆಯ ದಿನ ದಫೇದಾರರು ಮೇಜು ತಟ್ಟಿ, "ಮೊದಲಿಂದ ಸಾಲಾಗಿ ಹೇಳು," ಎಂದರು. ಅವಳು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು.

"ನಾನೇ ಹೊಡೆದೆನೇನೋ. ನನಗೆ ಗೊತ್ತಿಲ್ಲ."

ದಫೇದಾರರು ಹೊರಗೆ ಬಂದು, "ಒಪ್ಕೊಂಡ್ಲು ಮೇಡಂ," ಎಂದರು.

"ಅದು ಒಪ್ಪಿಗೆ ಅಲ್ಲ ದಫೇದಾರರೇ, ಭಯ. ತಾನು ಎಂಥವಳು ಅನ್ನೋದೇ ಅವಳಿಗೆ ಗೊತ್ತಾಗ್ತಿಲ್ಲ."

"ಮರೆತೋಯ್ತು ಅನ್ನೋರನ್ನ ನಾನು ಲಾಕಪ್ ತುಂಬಾ ನೋಡಿದೀನಿ. ನನ್ನ ಹೆಂಡತಿ ಕೇಳಿದ್ರೆ ನನಗೂ ಎಷ್ಟೋ ವಿಷಯ ಮರೆತೋಗುತ್ತೆ."

"ನೀವು ಮರೆತಾಗ ನಿಮಗೆ ಅನುಕೂಲ ಆಗುತ್ತೆ. ಇವಳು ಮರೆತು ತನ್ನ ಕುತ್ತಿಗೆಗೇ ಹಗ್ಗ ಹಾಕ್ಕೋತಿದಾಳೆ. ಆ ವ್ಯತ್ಯಾಸ ನೋಡಿ."

ಅಂದು ಸಂಜೆ ಇನ್ಸ್‌ಪೆಕ್ಟರ್ ಅವಳನ್ನು ಮನೋವೈದ್ಯೆಯ ಬಳಿ ಕರೆದೊಯ್ದರು. ವೈದ್ಯೆ ಒಂದು ಗಂಟೆ ಅವಳೊಂದಿಗೆ ಕೂತು ಹೊರಗೆ ಬಂದರು. "ತಡೆಯಲಾರದ್ದು ಎದುರಿಗೆ ನಡೆದಾಗ ಕೆಲವರ ಮನಸ್ಸು ಪಕ್ಕಕ್ಕೆ ಸರಿದು ನಿಲ್ಲುತ್ತೆ. ಕೈ ಅಭ್ಯಾಸದ ಕೆಲಸ ಮಾಡ್ತಾ ಹೋಗುತ್ತೆ. ನೆನಪು ಉಳಿಯುತ್ತೆ, ಆದರೆ ಚೂರುಚೂರಾಗಿ. ಒಂದು ವಾಸನೆ, ಒಂದು ಸದ್ದು, ಬೆರಳಿಗೆ ತಾಗಿದ್ದು. ಯಾವುದರ ಹಿಂದೆ ಯಾವುದು ಅನ್ನೋದು ಇರಲ್ಲ. ಸಾಲಾಗಿ ಹೇಳು ಅಂತ ಒತ್ತಿದರೆ ಸಂದುಗಳಿಗೆ ಏನಾದರೂ ತುಂಬಿಕೊಡ್ತಾರೆ. ನಿಮ್ಮ ಮೂರು ಹೇಳಿಕೆ ಆದದ್ದು ಹಾಗೇ."

"ಹಾಗಾದರೆ ಹೇಗೆ ಕೇಳಲಿ?"

"ಕತೆ ಕೇಳಬೇಡಿ. ಚೂರು ಕೇಳಿ. ಗೊತ್ತಿಲ್ಲ ಅಂದರೆ ಅಲ್ಲೇ ಬಿಡಿ."

ಮರುದಿನ ಬೆಳಿಗ್ಗೆ ಬೀಗಮುದ್ರೆ ತೆಗೆಸಿ, ಇನ್ಸ್‌ಪೆಕ್ಟರ್ ಇಸ್ತ್ರಿಯಕ್ಕನನ್ನು ಅವಳ ಮೇಜಿನ ಮುಂದೆ ನಿಲ್ಲಿಸಿದರು. ದಫೇದಾರರಿಗೆ ಬಾಗಿಲ ಬಳಿ ಸುಮ್ಮನೆ ಕೂರಲು ಹೇಳಿದರು. ಅವರ ಮಟ್ಟಿಗೆ ಅದೇ ದೊಡ್ಡ ಶಿಕ್ಷೆ.

"ಇಸ್ತ್ರಿ ಮಾಡಿ ಅಕ್ಕ. ನಾನು ನಡುವೆ ನಡುವೆ ಕೇಳ್ತೀನಿ. ಅವತ್ತು ನೀವು ಎಲ್ಲಿದ್ರಿ?"

ಅವಳು ಸರಳಿಗೆ ತೂಗುಹಾಕಿದ್ದ ಕೋಟುಗಳ ಕಡೆ ಕತ್ತೆತ್ತಿದಳು. "ನಗಬೇಡಿ. ಅಲ್ಲಿದ್ದೆ. ಆ ಕೋಟುಗಳ ಜೊತೆ ನೇತುಹಾಕಿದ ಹಾಗೆ. ಕೆಳಗೆ ಯಾರದೋ ಕೈ ಇಸ್ತ್ರಿ ಮಾಡ್ತಿತ್ತು."

"ನಗಲ್ಲ. ಆ ಕೈಗೆ ಏನು ತಾಗ್ತಿತ್ತು?"

ಇಸ್ತ್ರಿಪೆಟ್ಟಿಗೆ ಎರಡು ಸಲ ಹೋಗಿ ಬಂತು.

"ಒದ್ದೆ. ಅಂಗಿ ತೋಳು ಒದ್ದೆ ಇತ್ತು. ಬೆನ್ನು ಒಣಗಿತ್ತು. ಯಾಕೆ ಹಾಗೆ ಅಂತ ಅನ್ನಿಸ್ತು."

"ವಾಸನೆ?"

ಅವಳು ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು. ತುಕ್ಕು ಕಾಯಿಸಿದಂಥ ವಾಸನೆ. ನಾಲ್ಕು ದಿನದಿಂದ ಅನ್ನ ಬಾಯಿಗಿಟ್ಟರೆ ಅದೇ ವಾಸನೆ ಬರುತ್ತಿತ್ತು.

ಇನ್ಸ್‌ಪೆಕ್ಟರ್ ನೀರು ತರಿಸಿ ಕುಡಿಸಿದರು. ಅವಸರ ಮಾಡಲಿಲ್ಲ.

"ಯಾರ ಅಂಗಿ ಅದು ಅಕ್ಕ?"

"ಗೊತ್ತಿಲ್ಲ."

"ಸರಿ, ಬಿಡಿ."

ಅವಳು ಎದುರಿಗಿದ್ದ ಅಂಗಿಯ ಕಾಲರನ್ನು ಹಿಂದಕ್ಕೆ ಮಡಿಚಿ ಒಳಗೆ ನೋಡಿದಳು. ಪ್ರತಿ ಅಂಗಿಗೂ ಮೊದಲು ಮಾಡುವ ಕೆಲಸ ಅದು. ಗಿರಾಕಿಗೊಂದು ಗುರುತು, ಮಾಸದ ಮಸಿಯಲ್ಲಿ. ಗುರುತಿಲ್ಲದ ಬಟ್ಟೆಯನ್ನು ಮೇಜಿಗೆ ಹಾಕುವಂತಿಲ್ಲ ಎನ್ನುವುದು ಒಡತಿಯ ಕಟ್ಟಪ್ಪಣೆ. ಹಾಗೆ ನೋಡುತ್ತಿದ್ದವಳ ಬೆರಳು ಅಲ್ಲೇ ನಿಂತಿತು.

"ಗುರುತು ಇರಲಿಲ್ಲ," ಎಂದಳು. "ಕಾಲರ್ ತಿರುಗಿಸಿದೆ, ಖಾಲಿ ಇತ್ತು. ಆದ್ರೂ ಮಾಡಿದೆ. ಮನೆಯವರದಕ್ಕೆ ಮಾತ್ರ ಗುರುತು ಹಾಕಲ್ಲ."

ಲಾಂಡ್ರಿಯ ಮೇಲಿನ ಮಹಡಿಯೇ ಒಡತಿಯ ಮನೆ. ಅಲ್ಲಿದ್ದವರು ಇಬ್ಬರೇ: ಒಡತಿ ಮತ್ತು ವ್ಯಾನಿನಲ್ಲಿ ಬಟ್ಟೆ ಸಾಗಿಸುವ ಅವಳ ತಮ್ಮ. ಆ ಮಧ್ಯಾಹ್ನವೆಲ್ಲ ತಾನು ಊರಿನ ಆ ತುದಿಯಲ್ಲಿದ್ದೆ, ಸುದ್ದಿ ಕೇಳಿ ನೇರ ಆಸ್ಪತ್ರೆಗೆ ಓಡಿಬಂದೆ ಎಂದು ಅವನು ಹೇಳಿಕೆ ಕೊಟ್ಟಿದ್ದ.

ಬಾಗಿಲ ಬಳಿಯಿಂದ ದಫೇದಾರರು ಕೆಮ್ಮಿದರು. "ಮಾತಾಡಬಹುದಾ ಮೇಡಂ?"

"ಹೇಳಿ."

"ಆಸ್ಪತ್ರೇಲಿ ಅವನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ. ಬೂದು ಅಂಗಿ ಗರಿಗರಿ ಇತ್ತು. ಬೆಳಿಗ್ಗೆಯಿಂದ ವ್ಯಾನ್ ಓಡಿಸಿದವನ ಬೆನ್ನಲ್ಲಿ ಒಂದು ಸುಕ್ಕಿಲ್ಲ. ನನಗೆ ಹೊಟ್ಟೆಕಿಚ್ಚಾಯ್ತು, ನೋಡಿ. ಅನುಮಾನ ಬರಬೇಕಿತ್ತು."

ಹನ್ನೊಂದು ಗಂಟೆಗೆ ಮೇಲಿನ ಮನೆಯ ಶೋಧ ನಡೆಯಿತು. ಬೂದು ಬಣ್ಣದ ಅಂಗಿ ಬೀರುವಿನಲ್ಲೇ ಇತ್ತು, ಮತ್ತೆ ಒಗೆದು ಮಡಿಚಿಟ್ಟದ್ದು. ಕಾಲರಿನಲ್ಲಿ ಗುರುತಿರಲಿಲ್ಲ. ಬಲಗೈ ಪಟ್ಟಿಯ ಒಳಮಡಿಕೆಯಲ್ಲಿ ಹೆಬ್ಬೆರಳಗಲದ ಕಂದು ಕಲೆ. ಲಾಂಡ್ರಿಯಲ್ಲೇ ಬೆಳೆದರೂ ತಮ್ಮ ಬಟ್ಟೆ ಸಾಗಿಸಿದವನೇ ಹೊರತು ಒಗೆದವನಲ್ಲ. ರಕ್ತ ಬಿದ್ದ ಬಟ್ಟೆಗೆ ಬಿಸಿ ತಾಗಿದರೆ ಕಲೆ ಅಲ್ಲೇ ಕಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅಂಗಿಯನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದು ಪ್ರಯೋಗಾಲಯಕ್ಕೆ ಕಳಿಸಿದರು. ಒಂಬತ್ತನೆಯ ದಿನ ವರದಿ ಬಂತು: ರಕ್ತ ಒಡತಿಯದು. ಅದೇ ಮಧ್ಯಾಹ್ನ ತಮ್ಮನ ಬಂಧನವಾಯಿತು.

"ಇಸ್ತ್ರಿಯಕ್ಕ ಎದುರಿಗೇ ಇದ್ಲಲ್ಲ. ಹೆದರಿಕೆ ಆಗ್ಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಅವಳು ಬಾಗಿಲಲ್ಲಿ ನಿಂತಿದ್ಲು. ನನ್ನನ್ನೇ ನೋಡ್ತಿದ್ಲು, ಆದ್ರೆ ಕಣ್ಣಲ್ಲಿ ಯಾರೂ ಇರ್ಲಿಲ್ಲ. ಮೇಜಿನ ಹತ್ತಿರ ಕರ್ಕೊಂಡು ಬಂದೆ. ಅಂಗಿ ತೋಳನ್ನ ನಲ್ಲೀಲಿ ತೊಳೆದು ಕೊಟ್ಟೆ. ಇಸ್ತ್ರಿ ಮಾಡಿ ಕೊಟ್ಲು."

"ಯಾಕೆ ಹೊಡೆದೆ?"

"ಅಂಗಡಿ ಆ ಇಸ್ತ್ರಿಯವಳಿಗೆ ವಹಿಸ್ತೀನಿ ಅಂದ್ಲು ನಮ್ಮಕ್ಕ. ನಿನ್ನ ಕೈಲಿ ಏನಾಗುತ್ತೆ ಅಂತ ಕೇಳಿದ್ಲು. ಚಿಕ್ಕಂದಿನಿಂದ ಅದನ್ನೇ ಕೇಳ್ತಿದ್ಲು. ಅವತ್ತು ನನ್ನ ಮುಖ ಕೂಡ ನೋಡದೆ, ಬಟ್ಟೆ ಹಿಂಡ್ತಾ ಕೇಳಿದ್ಲು." ಇನ್ಸ್‌ಪೆಕ್ಟರ್ ಅದನ್ನು ಅವನ ಮಾತಿನಲ್ಲೇ ಬರೆಸಿದರು.

ಒಡತಿಗೆ ಪೂರ್ತಿ ಪ್ರಜ್ಞೆ ಬಂದಮೇಲೆ ಇಸ್ತ್ರಿಯಕ್ಕ ಆಸ್ಪತ್ರೆಗೆ ಹೋದಳು. ಪೆಟ್ಟು ಬಿದ್ದ ದಿನವೇ ಒಡತಿಯ ತಲೆಯಿಂದ ಅಳಿಸಿಹೋಗಿತ್ತು. ಅವಳು ಇಸ್ತ್ರಿಯಕ್ಕನ ಮಣಿಕಟ್ಟು ಹಿಡಿದುಕೊಂಡಳು.

"ಕೋರ್ಟಲ್ಲಿ ಕಣ್ಣಾರೆ ನೋಡಿದೆ ಅಂತಾನೇ ಹೇಳು. ಅವನು ಕೈ ಎತ್ತಿದ್ದು, ಹೊಡೆದದ್ದು, ಎಲ್ಲ. ನಡುವೆ ಗೊತ್ತಿಲ್ಲ ಅಂದ್ಯೋ, ಅವನ ವಕೀಲ ನಿನ್ನನ್ನೇ ಕಟ್ಟಿಹಾಕ್ತಾನೆ. ಅವನೇ ಅಂತ ಈಗ ಎಲ್ಲರಿಗೂ ಗೊತ್ತಲ್ಲ. ಒಂದು ಮಾತು ಸೇರಿಸಿದ್ರೆ ನಿನಗೇನು ನಷ್ಟ?"

ಇಸ್ತ್ರಿಯಕ್ಕ ಯೋಚಿಸಿದಳು. ಸಂದು ತುಂಬಲು ಹೋಗಿಯೇ ಅಲ್ಲವೇ, ಆ ಮೂರನೆಯ ದಿನ ತಾನೇ ಹೊಡೆದವಳಾಗಿಬಿಟ್ಟಿದ್ದು? ಒದ್ದೆ ತೋಳು ಅವಳದು, ಆ ವಾಸನೆ ಅವಳದು, ಖಾಲಿ ಕಾಲರ್ ಅವಳದು. ಅವನ್ನು ಯಾವ ವಕೀಲ ಎಷ್ಟು ಎಳೆದರೂ ಬಿಡಳು. ಕೈ ಎತ್ತಿದ್ದು ಅವಳಲ್ಲಿರಲಿಲ್ಲ. ಎಂದಾದರೂ ತಾನಾಗಿ ಬಂದರೆ ಬರಲಿ. ಅಲ್ಲಿಯವರೆಗೆ, ಎಷ್ಟು ಜನರ ಮುಂದೆ ನಿಂತರೂ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಹೇಳುವುದು.

"ಏನು ಯೋಚಿಸ್ತಿದೀಯ?" ಒಡತಿ ಕೇಳಿದಳು.

"ಏನಿಲ್ಲಮ್ಮ," ಎಂದು ಅವಳು ದಿಂಬನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು.