ಮುತ್ತಾತನ ತಾಳ

"ಲೇ ಹರ್ಷಿತ, ನಮ್ಮ ಮುತ್ತಾತ ಇನ್ನೂ ಭಜನೆ ಮಂಡಳಿ ಮೆಂಬರ್ ಅಂತೆ ಕಣೇ!" ನಂದಗುಡಿಯಿಂದಲೇ ಗೆಳತಿಗೆ ಫೋನ್ ಮಾಡಿದೆ.

"ಇದ್ದಿದ್ರೆ ನೂರಿಪ್ಪತ್ತು ವರ್ಷ ಅಂದಿದ್ಯಲ್ಲೇ? ಹೋಗೇ, ಏನೋ ಬಿಡ್ತಿದ್ದೀಯ!"

ಅರವತ್ತು ವರ್ಷದ ಹಿಂದೆ ಮನೆ ಬಿಟ್ಟ ತನ್ನ ಅಪ್ಪ ಸತ್ತಿದ್ದರೆ ಎಡೆಯಾದರೂ ಇಡಬೇಕು, ಅವನು ಸೇರಿದ್ದ ನಂದಗುಡಿಯ ಮಂಡಳಿಯಲ್ಲಿ ವಿಚಾರಿಸಿಕೊಂಡು ಬಾ ಎಂದು ಅಜ್ಜಿ ಮಾರಕ್ಕ ನನ್ನನ್ನು ಕಳಿಸಿದ್ದಳು. ಸದಸ್ಯರು ತೀರಿಕೊಂಡರೆ ಅವರ ತಾಳವನ್ನು ಮಕ್ಕಳಿಗೆ ಒಪ್ಪಿಸುವುದು ಮಂಡಳಿಯ ಪದ್ಧತಿ. ಮುತ್ತಾತನದು ಗೂಟದಲ್ಲೇ ನೇತಾಡುತ್ತಿತ್ತು. ಮುಟ್ಟಿದೆ. ಪಕ್ಕದ ತಾಳಗಳೆಲ್ಲ ತಣ್ಣಗಿದ್ದವು. ಇದು ಅಂಗೈಯಷ್ಟೇ ಬೆಚ್ಚಗಿತ್ತು. ದಾರ ಬೆವರಿಗೆ ಒದ್ದೆಯಾಗಿತ್ತು.

"ಇದನ್ನ ನಮ್ಮಜ್ಜಿಗೆ ಕೊಟ್ಬಿಡಿ ಸಾರ್" ಎಂದೆ.

ಕಾರ್ಯದರ್ಶಿ ದೇವೇಂದ್ರಪ್ಪ ಹಾಜರಿ ಪುಸ್ತಕ ಮುಚ್ಚಿದರು. "ಹೆಂಗಮ್ಮ ಕೊಡೋದು? ನಾಳೆ ಶನಿವಾರ, ಐದು ಗಂಟೆಗೆ ಭಜನೆಗೆ ಬರ್ತಾರೆ ನಿಮ್ಮ ಮುತ್ತಾತ. ಅಜ್ಜಿನೂ ಕರ್ಕೊಂಡು ಬಾ. ಏನಿದ್ರೂ ಅವರನ್ನೇ ಕೇಳ್ಲಿ."